ದ್ರಾಕ್ಷಿಯ ಅಡುಗೆ: ಯಾವ ಹಣ್ಣು, ಯಾವ ಪದಾರ್ಥಕ್ಕೆ, ಆರೋಗ್ಯಕ್ಕೆ ಎಷ್ಟು?

ದ್ರಾಕ್ಷಿಯ ಸುಗ್ಗಿ ಬಂತೆಂದರೆ ಓದುಗರಿಂದ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಗೊಜ್ಜು ಮಾಡಿದರೆ ಕಹಿಯಾಗುವುದೇಕೆ? ಜಾಮ್ ಗಟ್ಟಿಯಾಗದೆ ಪಾನಕದಂತೆ ಉಳಿದರೆ ಏನು ಮಾಡಬೇಕು? ಸಕ್ಕರೆ ಕಾಯಿಲೆ ಇರುವವರು ದ್ರಾಕ್ಷಿ ತಿನ್ನಬಹುದೆ? ರಾತ್ರಿ ನೆನೆಸಿಟ್ಟ ಒಣದ್ರಾಕ್ಷಿ ತಿಂದರೆ ರಕ್ತ ವೃದ್ಧಿಯಾಗುವುದು ನಿಜವೆ? ಇವುಗಳಿಗೆ ಬಿಡಿಬಿಡಿಯಾಗಿ ಉತ್ತರ ಬರೆಯುವ ಬದಲು ಹಣ್ಣು ಕೊಳ್ಳುವಲ್ಲಿಂದ ಹಿಡಿದು ಒಲೆಯಿಂದ ಇಳಿಸುವವರೆಗಿನ ಕ್ರಮವನ್ನೂ, ಕೊನೆಯಲ್ಲಿ ಆರೋಗ್ಯದ ಲೆಕ್ಕವನ್ನೂ ಒಂದೇ ಕಡೆ ಕೊಡುತ್ತಿದ್ದೇನೆ.

ಮೊದಲು ಒಂದು ಮಾತು. ಅಡುಗೆಯ ಮಟ್ಟಿಗೆ ದ್ರಾಕ್ಷಿಯನ್ನು ಸಿಹಿ ಪದಾರ್ಥವೆಂದು ಎಣಿಸಬೇಡಿ, ಹುಳಿಯೆಂದು ಎಣಿಸಿ. ದ್ರಾಕ್ಷಿಯಲ್ಲಿರುವ ಮುಖ್ಯ ಆಮ್ಲ ಟಾರ್ಟಾರಿಕ್ ಆಮ್ಲ. ಹುಣಸೆಹಣ್ಣಿನ ಹುಳಿಗೂ ಇದೇ ಆಮ್ಲ ಕಾರಣ. ಹೀಗಾಗಿ ಹುಣಸೆ ಹೊಂದುವ ಕಡೆಯಲ್ಲೆಲ್ಲ ದ್ರಾಕ್ಷಿಯೂ ಹೊಂದುತ್ತದೆ, ಹುಣಸೆಗೆ ಅನ್ವಯಿಸುವ ಎಚ್ಚರಿಕೆಗಳೂ ಇದಕ್ಕೆ ಅನ್ವಯಿಸುತ್ತವೆ. ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆ ಪಾತ್ರೆಯಲ್ಲಿ ದ್ರಾಕ್ಷಿಯನ್ನು ಬೇಯಿಸಬಾರದು. ಕಬ್ಬಿಣದ ಬಾಣಲೆಯಲ್ಲಿ ಬೇಯಿಸಿದರೆ ನೀಲಿ ದ್ರಾಕ್ಷಿಯ ಬಣ್ಣ ಮಸಿಯಂತೆ ಕಪ್ಪಾಗಿ, ರುಚಿಯಲ್ಲಿ ಲೋಹದ ವಾಸನೆ ಸೇರುತ್ತದೆ. ಸ್ಟೀಲ್ ಪಾತ್ರೆಯೋ ಕಲ್ಲಿನ ಚಟ್ಟಿಯೋ ಸಾಕು.

ಹಂತ 1: ಹಣ್ಣನ್ನು ಆರಿಸುವುದು

ನಮ್ಮ ಮಾರುಕಟ್ಟೆಗೆ ಬರುವ ದ್ರಾಕ್ಷಿಯನ್ನು ಅಡುಗೆಯ ದೃಷ್ಟಿಯಿಂದ ಎರಡು ಗುಂಪು ಮಾಡಬಹುದು. ಒಂದು, ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ತೋಟಗಳಿಂದ ಮುಖ್ಯವಾಗಿ ಜನವರಿಯಿಂದ ಏಪ್ರಿಲ್‌ವರೆಗೆ ಬರುವ ಬೀಜವಿಲ್ಲದ ತಳಿಗಳು: ಹಸಿರು ಬಣ್ಣದ ಥಾಮ್ಸನ್ ಸೀಡ್‌ಲೆಸ್, ಉದ್ದ ಕಾಯಿಯ ಸೋನಾಕಾ, ಕಪ್ಪು ಬಣ್ಣದ ಶರದ್ ಮುಂತಾದವು. ಇವುಗಳಲ್ಲಿ ಸಿಹಿ ಹೆಚ್ಚು, ಹುಳಿ ಕಡಿಮೆ, ಸಿಪ್ಪೆ ತಿರುಳಿಗೆ ಅಂಟಿಕೊಂಡಿರುತ್ತದೆ. ಇನ್ನೊಂದು, ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬೆಳೆಯುವ, ಬೀಜವಿರುವ ನೀಲಿ ದ್ರಾಕ್ಷಿ. ಬೆಂಗಳೂರು ಬ್ಲೂ ಎಂದು ಹೆಸರಾದ ಈ ತಳಿಗೆ 2013ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ, ಅಂದರೆ ಒಂದು ಪ್ರದೇಶದ ವಿಶಿಷ್ಟ ಉತ್ಪನ್ನವೆಂಬ ಕಾನೂನುಬದ್ಧ ಗುರುತು, ದೊರೆತಿದೆ. ಇದರ ಹಣ್ಣನ್ನು ಎರಡು ಬೆರಳುಗಳ ನಡುವೆ ಒತ್ತಿದರೆ ತಿರುಳು ಲೋಳೆಯ ಗೋಲಿಯಂತೆ ಹೊರಗೆ ಜಾರಿ, ಸಿಪ್ಪೆ ಖಾಲಿ ಚೀಲದಂತೆ ಕೈಯಲ್ಲೇ ಉಳಿಯುತ್ತದೆ. ಹಾಗೆಯೇ ತಿನ್ನಲು ಬೀಜ ಉಗುಳುವುದೇ ಒಂದು ಕೆಲಸವೆಂದು ದೂರುವವರು ಬಹಳ. ಒಲೆಯ ಮೇಲೆ ಮಾತ್ರ ಇದಕ್ಕೆ ಸಾಟಿಯಿಲ್ಲ. ಬಣ್ಣ, ಪರಿಮಳ, ಹುಳಿ, ಜಾಮ್ ಗಟ್ಟಿಯಾಗಲು ಬೇಕಾದ ಅಂಟು ನಾಲ್ಕೂ ಇದರಲ್ಲಿವೆ.

ಆದ್ದರಿಂದ ಗೊಜ್ಜು, ರಸ, ಜಾಮ್‌ಗೆ ನೀಲಿ ದ್ರಾಕ್ಷಿಯನ್ನು ಕೊಳ್ಳಿ. ಮೊಸರನ್ನ, ಸಾಸಿವೆ (ತೆಂಗಿನತುರಿ, ಸಾಸಿವೆ ರುಬ್ಬಿ ಮೊಸರಿಗೆ ಬೆರೆಸುವ ಪದಾರ್ಥ), ಹಣ್ಣಿನ ಸಲಾಡ್‌ಗೆ ಬೀಜವಿಲ್ಲದ್ದನ್ನು ಕೊಳ್ಳಿ. ಬೀಜವಿಲ್ಲದ ದ್ರಾಕ್ಷಿಯಿಂದಲೇ ಗೊಜ್ಜು ಮಾಡಬೇಕೆಂದಿದ್ದರೆ ಸುಗ್ಗಿಯ ಆರಂಭದಲ್ಲಿ ಬರುವ, ಇನ್ನೂ ಹುಳಿ ಉಳಿದಿರುವ ಹಸಿರು ಹಣ್ಣೇ ಉತ್ತಮ. ಜೇನಿನ ಬಣ್ಣಕ್ಕೆ ತಿರುಗಿದ ಹಣ್ಣು ಬಹಳ ಸಿಹಿಯಾಗಿದ್ದು ಗೊಜ್ಜನ್ನು ಪಾಯಸದ ಹಾದಿಗೆ ಎಳೆಯುತ್ತದೆ.

ಕೊಳ್ಳುವಾಗ ಗೊಂಚಲಿನ ಕಾಂಡವನ್ನು ನೋಡಿ. ಕಾಂಡ ಹಸಿರಾಗಿ ಬಾಗುವಂತಿದ್ದರೆ ಹಣ್ಣು ಹೊಸದು. ಕಂದು ಬಣ್ಣಕ್ಕೆ ತಿರುಗಿ ಒಣಗಿದ್ದರೆ ಕಿತ್ತು ಹಲವು ದಿನಗಳಾಗಿವೆ ಎಂದರ್ಥ. ಗೊಂಚಲಿನಿಂದ ಕಳಚಿದ ಉದುರು ದ್ರಾಕ್ಷಿಯನ್ನು ಅಗ್ಗಕ್ಕೆ ಮಾರುವುದುಂಟು. ಅದನ್ನು ಅಂದೇ ರಸ ತೆಗೆಯುವುದಾದರೆ ಧಾರಾಳವಾಗಿ ಕೊಳ್ಳಬಹುದು, ಮರುದಿನಕ್ಕೆ ಇಡಬಾರದು: ತೊಟ್ಟು ಕಳಚಿದ ಜಾಗದಲ್ಲಿ ಗಾಯವಾಗಿ ಅಲ್ಲಿಂದಲೇ ಹುದುಗು ಆರಂಭವಾಗುತ್ತದೆ. ಹುಳಿತ ಹೆಂಡದ ವಾಸನೆ ಬಂದರೆ ಬಿಟ್ಟುಬಿಡಿ.

ಹಂತ 2: ತೊಳೆಯುವುದು

ದ್ರಾಕ್ಷಿಯ ಮೇಲೆ ಕಾಣುವ ಬಿಳಿ ಪುಡಿಯೆಲ್ಲ ಔಷಧಿಯಲ್ಲ. ಹಣ್ಣಿನ ಮೇಲೆ ಸಮನಾಗಿ ಹರಡಿಕೊಂಡು, ಬೆರಳು ತಾಗಿದೊಡನೆ ಅಳಿಸಿಹೋಗಿ ಕೆಳಗಿನ ಹೊಳಪು ಕಾಣುವಂತಹ ತೆಳು ಪದರ ಹಣ್ಣಿನದೇ ಮೇಣ; ಅದು ಇರುವವರೆಗೆ ಹಣ್ಣಿನ ನೀರಿನಂಶ ಆರುವುದಿಲ್ಲ. ತೊಟ್ಟಿನ ಬಳಿಯೋ ಹಣ್ಣಿನ ಒಂದೇ ಮಗ್ಗುಲಲ್ಲೋ ಚುಕ್ಕೆಚುಕ್ಕೆಯಾಗಿ, ತುಸು ನೀಲಿಯಾಗಿ ಅಂಟಿಕೊಂಡಿರುವ ಕಲೆ ಮಾತ್ರ ಸಿಂಪಡಣೆಯದಾಗಿರಬಹುದು. ಬೂಜು ರೋಗಗಳಿಗೆ ಸುಲಭವಾಗಿ ತುತ್ತಾಗುವ ಬೆಳೆಯಾದ್ದರಿಂದ ದ್ರಾಕ್ಷಿ ತೋಟದಲ್ಲಿ ಶಿಲೀಂಧ್ರನಾಶಕಗಳ ಬಳಕೆ ಹೆಚ್ಚು. ಈ ಕಾರಣಕ್ಕಾಗಿ ದ್ರಾಕ್ಷಿಯನ್ನು ತೊಳೆಯುವುದರಲ್ಲಿ ಉದಾಸೀನ ಸಲ್ಲದು.

ಹಣ್ಣನ್ನು ಕತ್ತರಿಯಿಂದ ತೊಟ್ಟಿನ ಚೂರು ಉಳಿಯುವಂತೆ ಬಿಡಿಸಿಕೊಳ್ಳಿ. ಕಿತ್ತರೆ ತೂತಾಗಿ ತೊಳೆಯುವ ನೀರು ಒಳಗೆ ಸೇರುತ್ತದೆ. ಒಂದು ಲೀಟರ್ ನೀರಿಗೆ ಒಂದು ಚಹಾ ಚಮಚ ಅಡುಗೆ ಸೋಡಾ ಬೆರೆಸಿ ಅದರಲ್ಲಿ ಹಣ್ಣನ್ನು ಹತ್ತು ನಿಮಿಷ ಬಿಡಿ, ಕೈಯಾಡಿಸಿ, ಬಳಿಕ ಹರಿಯುವ ನೀರಿನಲ್ಲಿ ಎರಡು ಬಾರಿ ಚೆನ್ನಾಗಿ ತೊಳೆಯಿರಿ. ಸಿಪ್ಪೆಯ ಮೇಲಿರುವುದು ಇದರಿಂದ ಬಹುಪಾಲು ಹೋಗುತ್ತದೆ, ಒಳಗೆ ಇಳಿದಿರುವುದು ಹೋಗುವುದಿಲ್ಲ. ಸೋಡಾ ನೀರಿನ ಅಂಶ ಉಳಿಯದಂತೆ ನೋಡಿಕೊಳ್ಳಿ, ಏಕೆಂದರೆ ನೀಲಿ ದ್ರಾಕ್ಷಿಯ ಬಣ್ಣ ಹುಳಿಯಲ್ಲಿ ಕೆಂಪಾಗಿದ್ದು ಕ್ಷಾರ ತಾಗಿದರೆ ಬೂದು ನೀಲಿಗೆ ತಿರುಗುತ್ತದೆ. ಗೊಜ್ಜು ಹುಳಿಯಾಯಿತೆಂದು ಚಿಟಿಕೆ ಸೋಡಾ ಹಾಕುವ ಅಭ್ಯಾಸವಿರುವವರೂ ಇದನ್ನು ನೆನಪಿಡಬೇಕು.

ತೊಳೆದ ದ್ರಾಕ್ಷಿ ಫ್ರಿಜ್‌ನಲ್ಲಿ ಬೇಗ ಕೊಳೆಯುತ್ತದೆ. ಬಳಸುವ ಹೊತ್ತಿಗೆ ಬೇಕಾದಷ್ಟನ್ನೇ ತೊಳೆಯಿರಿ.

ಹಂತ 3: ಬೀಜ ಬೇರ್ಪಡಿಸುವುದು

ಗೊಜ್ಜು ಕಹಿಯಾಗುವುದಕ್ಕೆ ಹತ್ತರಲ್ಲಿ ಒಂಬತ್ತು ಸಲ ಕಾರಣ ಮಿಕ್ಸಿ. ದ್ರಾಕ್ಷಿ ಬೀಜದಲ್ಲಿ ಟ್ಯಾನಿನ್, ಅಂದರೆ ಬಾಳೆಕಾಯಿ ಕಚ್ಚಿದಾಗ ನಾಲಿಗೆ ಹಿಡಿಯುವಂತಹ ಒಗರಿನ ಅಂಶ, ಹೇರಳವಾಗಿದೆ. ಬೀಜ ಇಡಿಯಾಗಿರುವವರೆಗೆ ಅದು ಅಷ್ಟಾಗಿ ರಸಕ್ಕೆ ಇಳಿಯುವುದಿಲ್ಲ. ಮಿಕ್ಸಿಯ ಬ್ಲೇಡಿಗೆ ಸಿಕ್ಕಿ ನುಚ್ಚಾದರೆ ಇಡೀ ಪಾತ್ರೆಯ ರುಚಿ ಕೆಡುತ್ತದೆ, ಆಮೇಲೆ ಎಷ್ಟು ಬೆಲ್ಲ ಸುರಿದರೂ ಕಹಿ ಬಾಯಿಯ ಹಿಂಭಾಗದಲ್ಲಿ ಉಳಿದೇ ಉಳಿಯುತ್ತದೆ.

ಸರಿಯಾದ ಕ್ರಮ ಹೀಗಿದೆ. ಅರ್ಧ ಕಿಲೋ ನೀಲಿ ದ್ರಾಕ್ಷಿಗೆ ಕಾಲು ಲೋಟ ನೀರು ಸೇರಿಸಿ ಸಣ್ಣ ಉರಿಯಲ್ಲಿಡಿ. ಕುದಿಸಬೇಡಿ. ಪಾತ್ರೆಯ ಅಂಚಿನಲ್ಲಿ ಸಣ್ಣ ಗುಳ್ಳೆಗಳು ಏಳತೊಡಗಿ, ಸಿಪ್ಪೆಗಳು ಒಂದೊಂದಾಗಿ ಒಡೆದು, ಮೊದಲು ತೆಳು ಗುಲಾಬಿಯಾಗಿದ್ದ ನೀರು ನೋಡನೋಡುತ್ತಿದ್ದಂತೆ ಗಾಢ ನೇರಳೆಗೆ ತಿರುಗುತ್ತದೆ. ಸುಮಾರು ಎಂಟು ಹತ್ತು ನಿಮಿಷದ ಕೆಲಸ. ಆಗ ಉರಿ ಆರಿಸಿ, ಮರದ ಸೌಟಿನಿಂದಲೋ ಬೇಳೆ ಮಸೆಯುವ ಕಡೆಗೋಲಿನಿಂದಲೋ ಮೆಲ್ಲಗೆ ಮಸೆದು, ದೊಡ್ಡ ಕಣ್ಣಿನ ಜರಡಿಯಲ್ಲಿ ಸೋಸಿ. ಬೀಜ ಮೇಲುಳಿಯುತ್ತದೆ, ತಿರುಳು ಕೆಳಗಿಳಿಯುತ್ತದೆ. ಜರಡಿಯಲ್ಲಿ ಉಳಿದ ಸಿಪ್ಪೆಯನ್ನು ಬೀಜದಿಂದ ಹೆಕ್ಕಿ ತೆಗೆದು, ಅದನ್ನು ಮಾತ್ರ ಮಿಕ್ಸಿಯಲ್ಲಿ ತಿರುವಿ ತಿರುಳಿಗೆ ಸೇರಿಸಿ. ಕೊಂಚ ಸಹನೆ ಬೇಡುವ ಕೆಲಸವಿದು, ಆದರೆ ದ್ರಾಕ್ಷಿಯ ಪ್ರಯೋಜನಕರ ಅಂಶಗಳ ದೊಡ್ಡ ಪಾಲು ಸಿಪ್ಪೆಯಲ್ಲೇ ಇರುವುದರಿಂದ ಅದನ್ನು ಚೆಲ್ಲುವುದು ನಷ್ಟ.

ಹಂತ 4: ಗೊಜ್ಜು

ನಾನು ಸೂಚಿಸುವ ಕ್ರಮದಲ್ಲಿ ಎರಡೂ ಬಗೆಯ ದ್ರಾಕ್ಷಿ ಬೇಕು: ರಸಕ್ಕೆ ನೀಲಿ, ಹೋಳುಗಳಿಗೆ ಬೀಜವಿಲ್ಲದ್ದು. ನೀಲಿ ದ್ರಾಕ್ಷಿಯೊಂದರಿಂದಲೇ ಮಾಡಿದರೆ ಗೊಜ್ಜಿನಲ್ಲಿ ಬಾಯಿಗೆ ಸಿಗುವ ಹೋಳಿರುವುದಿಲ್ಲ. ಬೀಜವಿಲ್ಲದ್ದರಿಂದಲೇ ಮಾಡಿದರೆ ಬಣ್ಣವೂ ಹುಳಿಯೂ ಸಾಲದು.

ಬೇಕಾಗುವುದು: ಹಂತ 3ರಂತೆ ಸಿದ್ಧಪಡಿಸಿದ ನೀಲಿ ದ್ರಾಕ್ಷಿಯ ತಿರುಳು ಒಂದು ಲೋಟ, ಬೀಜವಿಲ್ಲದ ದ್ರಾಕ್ಷಿ ಉದ್ದಕ್ಕೆ ಎರಡು ಹೋಳಾಗಿ ಸೀಳಿದ್ದು ಒಂದು ಲೋಟ, ಗೋಲಿ ಗಾತ್ರದ ಹುಣಸೆಹಣ್ಣು, ಪುಡಿಮಾಡಿದ ಬೆಲ್ಲ ಎರಡು ದೊಡ್ಡ ಚಮಚ, ಉಪ್ಪು, ಚಿಟಿಕೆ ಅರಿಸಿನ. ಪುಡಿಗೆ ಕಡಲೆಬೇಳೆ ಮತ್ತು ಉದ್ದಿನಬೇಳೆ ತಲಾ ಒಂದು ಚಹಾ ಚಮಚ, ಧನಿಯಾ ಒಂದು ದೊಡ್ಡ ಚಮಚ, ಎಳ್ಳು ಒಂದು ದೊಡ್ಡ ಚಮಚ, ಮೆಂತ್ಯ ಹತ್ತು ಹದಿನೈದು ಕಾಳು, ಬ್ಯಾಡಗಿ ಮೆಣಸಿನಕಾಯಿ ಐದಾರು, ತುರಿದ ಕೊಬ್ಬರಿ ಎರಡು ದೊಡ್ಡ ಚಮಚ. ಒಗ್ಗರಣೆಗೆ ಎಣ್ಣೆ, ಸಾಸಿವೆ, ಇಂಗು, ಕರಿಬೇವು.

1. ಬೇಳೆಗಳು, ಮೆಂತ್ಯ, ಧನಿಯಾ, ಮೆಣಸಿನಕಾಯಿಗಳನ್ನು ಈ ಕ್ರಮದಲ್ಲೇ ಬಾಣಲೆಗೆ ಹಾಕುತ್ತ ಸಣ್ಣ ಉರಿಯಲ್ಲಿ ಹುರಿಯಿರಿ. ಎಳ್ಳನ್ನು ಬೇರೆಯಾಗಿ ಚಟಪಟ ಎನ್ನುವವರೆಗೆ ಹುರಿದು, ಕೊಬ್ಬರಿಯನ್ನು ಉರಿ ಆರಿಸಿದ ಮೇಲೆ ಬಿಸಿಯಲ್ಲೇ ಆಡಿಸಿ. ಆರಿದ ಬಳಿಕ ತರಿಯಿಲ್ಲದಂತೆ ಪುಡಿಮಾಡಿ. ಮೆಂತ್ಯ ಕೆಂಪಗಾದರೆ ಸಾಕು. ಕಪ್ಪಾದರೆ ಕಹಿಗೆ ಅದೂ ಒಂದು ಕಾರಣವಾಗುತ್ತದೆ, ತಪ್ಪು ಮಾತ್ರ ದ್ರಾಕ್ಷಿಯ ತಲೆಗೆ ಬರುತ್ತದೆ.

2. ಎಣ್ಣೆಯಲ್ಲಿ ಸಾಸಿವೆ ಸಿಡಿಸಿ, ಇಂಗು, ಕರಿಬೇವು ಹಾಕಿ, ಹುಣಸೆರಸ, ಅರಿಸಿನ, ಉಪ್ಪು ಸೇರಿಸಿ ಹಸಿವಾಸನೆ ಹೋಗುವವರೆಗೆ ಐದಾರು ನಿಮಿಷ ಕುದಿಸಿ. ದ್ರಾಕ್ಷಿಯೇ ಹುಳಿಯೆಂದ ಮೇಲೆ ಹುಣಸೆ ಏಕೆಂದರೆ, ಗೊಜ್ಜಿಗೆ ಬೇಕಾದ ಮೈ ದ್ರಾಕ್ಷಿಯೊಂದರಿಂದಲೇ ಬರುವುದಿಲ್ಲ. ಹಣ್ಣು ಬಹಳ ಹುಳಿಯಾಗಿದ್ದರೆ ಅರ್ಧ ಹಾಕಿ.

3. ನೀಲಿ ದ್ರಾಕ್ಷಿಯ ತಿರುಳು ಸೇರಿಸಿ ಎರಡು ಮೂರು ಕುದಿ ಬಂದ ಮೇಲೆ ಬೆಲ್ಲ ಹಾಕಿ. ಬೆಲ್ಲವನ್ನು ಮೊದಲೇ ಹಾಕಿದರೆ ಹುಳಿಯ ಅಂದಾಜು ಸಿಗುವುದಿಲ್ಲ. ಈಗ ಒಂದು ಹನಿ ರುಚಿ ನೋಡಿ ಉಪ್ಪು, ಬೆಲ್ಲ ಸರಿಪಡಿಸಿ.

4. ಪುಡಿಯನ್ನು ಸ್ವಲ್ಪ ತಣ್ಣೀರಿನಲ್ಲಿ ಕದಡಿ ಸೇರಿಸಿ. ನೇರವಾಗಿ ಹಾಕಿದರೆ ಗಂಟಾಗುತ್ತದೆ. ಸೌಟಿನ ಬೆನ್ನಿಗೆ ಅಂಟುವಷ್ಟು ಗಟ್ಟಿಯಾಗಲಿ. ಆರಿದ ಮೇಲೆ ಇನ್ನೂ ಬಿಗಿಯುತ್ತದೆ.

5. ಕೊನೆಗೆ ಸೀಳಿದ ದ್ರಾಕ್ಷಿ ಹೋಳುಗಳನ್ನು ಹಾಕಿ ಎರಡೇ ನಿಮಿಷ ಬಿಟ್ಟು ಇಳಿಸಿ. ಹೆಚ್ಚು ಬೆಂದರೆ ತಿರುಳೆಲ್ಲ ಕರಗಿ ಸಿಪ್ಪೆ ಸುರುಳಿ ಸುತ್ತಿಕೊಂಡು ನಾರಿನಂತೆ ಹಲ್ಲಿಗೆ ಸಿಗುತ್ತದೆ.

ಮಾಡಿದ ತಕ್ಷಣ ತಿಂದರೆ ಹುಳಿ, ಸಿಹಿ, ಖಾರ ಬೇರೆಬೇರೆಯಾಗಿ ತೋರುತ್ತವೆ. ನಾಲ್ಕೈದು ಗಂಟೆ ಬಿಟ್ಟರೆ ಹೊಂದಿಕೊಳ್ಳುತ್ತವೆ. ಬಿಸಿ ಅನ್ನ, ಚಪಾತಿ, ದೋಸೆ ಯಾವುದಕ್ಕಾದರೂ ಆಗುತ್ತದೆ. ಫ್ರಿಜ್‌ನಲ್ಲಿ ಮೂರು ನಾಲ್ಕು ದಿನ ಕೆಡದೆ ಇರುತ್ತದೆ. ಉಡುಪಿ ಕಡೆಯ ಮೆಣಸ್ಕಾಯಿ ಎಂಬ ಗೊಜ್ಜಿನಂತಹ ಪದಾರ್ಥ ಮಾಡುವವರು ಅನಾನಸಿನ ಜೊತೆಗೆ ದ್ರಾಕ್ಷಿ ಹಾಕುವಾಗಲೂ ಇದೇ ನಿಯಮ: ಅನಾನಸು ಬೆಂದ ಮೇಲೆ ದ್ರಾಕ್ಷಿ, ಅದೂ ಇಳಿಸುವ ಮುನ್ನ.

ಹಂತ 5: ಒಲೆಯಿಲ್ಲದ ಅಡುಗೆಗಳು

ಮೊಸರನ್ನಕ್ಕೆ ದ್ರಾಕ್ಷಿ ಹಾಕುವವರು ಹಣ್ಣನ್ನು ಸೀಳದೆ ಇಡಿಯಾಗಿ, ಬಡಿಸುವ ಹೊತ್ತಿಗೆ ಸೇರಿಸಬೇಕು. ಸೀಳಿ ಮೊದಲೇ ಬೆರೆಸಿದರೆ ನೀರು ಬಿಟ್ಟು ಮೊಸರನ್ನ ಸಡಿಲವಾಗುತ್ತದೆ. ಚಿಕ್ಕ ಮಕ್ಕಳಿಗೆ ಮಾತ್ರ ಇಡಿ ದ್ರಾಕ್ಷಿ ಸಲ್ಲದು. ಇದರ ವಿಚಾರ ಕೊನೆಯಲ್ಲಿದೆ.

ಸಾಸಿವೆಗೆ ಅರ್ಧ ಲೋಟ ತೆಂಗಿನತುರಿ, ಅರ್ಧ ಚಹಾ ಚಮಚ ಹಸಿ ಸಾಸಿವೆ, ಒಂದೆರಡು ಹಸಿಮೆಣಸಿನಕಾಯಿಗಳನ್ನು ನುಣ್ಣಗೆ ರುಬ್ಬಿ, ಗಟ್ಟಿ ಮೊಸರಿಗೆ ಬೆರೆಸಿ, ಉಪ್ಪು ಮತ್ತು ಚೂರು ಬೆಲ್ಲ ಹಾಕಿ, ಸೀಳಿದ ದ್ರಾಕ್ಷಿಯನ್ನು ಊಟಕ್ಕೆ ಕೂರುವ ಮುನ್ನ ಸೇರಿಸಿ. ಸಾಸಿವೆಯ ಪ್ರಮಾಣ ಹೆಚ್ಚಿಸಬೇಡಿ, ಕಹಿ ಬರುತ್ತದೆ.

ದ್ರಾಕ್ಷಿ ರಸವನ್ನು ಬಿಸಿ ಹಾಲಿಗೆ ಸೇರಿಸಿದರೆ ಹಾಲು ಒಡೆಯುತ್ತದೆ. ಮಿಲ್ಕ್‌ಶೇಕ್ ಬೇಕಿದ್ದರೆ ಹಾಲು, ರಸ ಎರಡೂ ಚೆನ್ನಾಗಿ ತಣ್ಣಗಿರಲಿ, ಬೆರೆಸಿದ ಕೂಡಲೇ ಕುಡಿಯಿರಿ.

ಹಂತ 6: ರಸ ಮತ್ತು ಜಾಮ್

ರಸಕ್ಕೆ ಹಂತ 3ರ ಕ್ರಮವೇ ಸಾಕು. ಜರಡಿಯ ಬದಲು ತೆಳು ಬಟ್ಟೆಯಲ್ಲಿ ಹಿಂಡದೆ ಸೋಸಿ, ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟು, ಮೇಲಿನ ತಿಳಿಯನ್ನು ಬಗ್ಗಿಸಿಕೊಳ್ಳಿ. ಬಾಟಲಿಯ ತಳದಲ್ಲಿ ಗಾಜಿನ ಪುಡಿಯಂತಹ ಹರಳುಗಳು ಕಂಡರೆ ಗಾಬರಿಯಾಗಬೇಡಿ. ಅವು ಟಾರ್ಟಾರಿಕ್ ಆಮ್ಲ ಪೊಟ್ಯಾಸಿಯಂ ಜೊತೆ ಕೂಡಿ ಚಳಿಗೆ ಹರಳುಗಟ್ಟಿದ ಲವಣ, ಹಾನಿಕರವಲ್ಲ. ಸಂರಕ್ಷಕ ಹಾಕದ ಈ ರಸವನ್ನು ಮೂರು ದಿನದೊಳಗೆ ಮುಗಿಸಿ.

ಜಾಮ್ ಗಟ್ಟಿಯಾಗಲು ಮೂರು ವಸ್ತುಗಳು ಒಟ್ಟಿಗೆ ಬೇಕು: ಪೆಕ್ಟಿನ್ ಎಂಬ ಹಣ್ಣಿನ ಅಂಟು, ಹುಳಿ ಮತ್ತು ಸಕ್ಕರೆ. ನೀಲಿ ದ್ರಾಕ್ಷಿಯಲ್ಲಿ ಮೊದಲೆರಡೂ ಇವೆ. ಬೀಜವಿಲ್ಲದ ಸಿಹಿ ದ್ರಾಕ್ಷಿಯಲ್ಲಿ ಎರಡೂ ಸಾಲದು. ಪಾನಕದಂತೆ ಉಳಿದ ಜಾಮ್‌ಗಳ ಗುಟ್ಟು ಇಷ್ಟೇ. ಒಂದು ಕಿಲೋ ನೀಲಿ ದ್ರಾಕ್ಷಿಯನ್ನು ಒತ್ತಿ ಸಿಪ್ಪೆ, ತಿರುಳು ಬೇರೆ ಮಾಡಿ. ತಿರುಳನ್ನು ಐದು ನಿಮಿಷ ಬೇಯಿಸಿ ಬೀಜ ಸೋಸಿ, ಸಿಪ್ಪೆಯನ್ನು ಸಣ್ಣಗೆ ಹೆಚ್ಚಿ ಅದಕ್ಕೆ ಸೇರಿಸಿ ಮೆತ್ತಗಾಗುವವರೆಗೆ ಬೇಯಿಸಿ. ಆ ಬಳಿಕವೇ 700 ಗ್ರಾಂ ಸಕ್ಕರೆ ಮತ್ತು ಒಂದು ನಿಂಬೆಹಣ್ಣಿನ ರಸ ಹಾಕಿ; ಸಕ್ಕರೆ ಮೊದಲೇ ಬಿದ್ದರೆ ಸಿಪ್ಪೆ ಗಟ್ಟಿಯಾಗಿ ಉಳಿಯುತ್ತದೆ. ದೊಡ್ಡ ಉರಿಯಲ್ಲಿ, ತಳ ಹಿಡಿಯದಂತೆ ಕೈಯಾಡಿಸುತ್ತ ಕುದಿಸಿ. ಫ್ರಿಜ್‌ನಲ್ಲಿಟ್ಟ ತಟ್ಟೆಗೆ ಒಂದು ಹನಿ ಬಿಟ್ಟು ಒಂದು ನಿಮಿಷದ ನಂತರ ಬೆರಳಿಂದ ತಳ್ಳಿದಾಗ ಮೇಲ್ಮೈ ಸುಕ್ಕುಗಟ್ಟಿದರೆ ಹದ ಬಂತೆಂದು ತಿಳಿಯಿರಿ. ಅಡುಗೆ ಥರ್ಮಾಮೀಟರ್ ಇದ್ದರೆ 105 ಡಿಗ್ರಿ ಸೆಲ್ಸಿಯಸ್. ಪಾತ್ರೆಯಲ್ಲಿ ಬಿಸಿಯಾಗಿರುವಾಗ ನೀರಾಗಿ ಕಾಣುತ್ತದೆಂದು ಮತ್ತಷ್ಟು ಕುದಿಸಿದರೆ ಆರಿದ ಮೇಲೆ ಚಮಚವೇ ಇಳಿಯದ ಪಾಕವಾಗುತ್ತದೆ.

ಹಂತ 7: ಒಣದ್ರಾಕ್ಷಿ

ವಿಜಯಪುರದ ಕಡೆ ಒಣದ್ರಾಕ್ಷಿ ಮಾಡುವಾಗ ಹಣ್ಣನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್, ಅಂದರೆ ಹಣ್ಣು ಅದ್ದಲೆಂದೇ ಬಳಸುವ ಎಣ್ಣೆ, ಬೆರೆಸಿದ ನೀರಿನಲ್ಲಿ ಅದ್ದಿ, ನೆರಳಿನ ಶೆಡ್‌ಗಳಲ್ಲಿ ಬಲೆಯ ಅಟ್ಟಗಳ ಮೇಲೆ ಸುಮಾರು ಎರಡು ವಾರ ಹರಡುತ್ತಾರೆ. ಅದ್ದುವುದರಿಂದ ಸಿಪ್ಪೆಯ ಮೇಣದ ಪದರ ಸಡಿಲಗೊಂಡು ನೀರು ಬೇಗ ಆರುತ್ತದೆ, ಹಸಿರು ಬಣ್ಣವೂ ಉಳಿಯುತ್ತದೆ. ಸುಮಾರು ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಒಣದ್ರಾಕ್ಷಿ. ಹೊಳೆಯುವ ಹಳದಿ ಬಣ್ಣದವುಗಳಿಗೆ ಗಂಧಕದ ಹೊಗೆ ಕೊಟ್ಟಿರುವ ಸಾಧ್ಯತೆಯಿದೆ. ಆಸ್ತಮಾ ಇರುವ ಕೆಲವರಿಗೆ ಅದು ಆಗಿಬರುವುದಿಲ್ಲ. ಯಾವುದೇ ಇರಲಿ, ಬೆಚ್ಚಗಿನ ನೀರಿನಲ್ಲಿ ಎರಡು ಬಾರಿ ತೊಳೆದ ನಂತರವೇ ನೆನೆಸಿ.

ತುಪ್ಪದಲ್ಲಿ ಹುರಿಯುವಾಗ ತೊಳೆದ ದ್ರಾಕ್ಷಿಯನ್ನು ಬಟ್ಟೆಯಲ್ಲಿ ಒರೆಸಿಕೊಳ್ಳಿ, ಇಲ್ಲದಿದ್ದರೆ ಸಿಡಿಯುತ್ತದೆ. ಗೋಡಂಬಿ ಮೊದಲು, ದ್ರಾಕ್ಷಿ ಕೊನೆಗೆ. ಉಬ್ಬಿದ ಕ್ಷಣವೇ ತೆಗೆಯಿರಿ.

ಹಂತ 8: ಆರೋಗ್ಯದ ಲೆಕ್ಕ

100 ಗ್ರಾಂ ತಾಜಾ ದ್ರಾಕ್ಷಿಯಲ್ಲಿ ನೀರು ಸುಮಾರು 80 ಗ್ರಾಂ, ಸಕ್ಕರೆ ಸುಮಾರು 15 ಗ್ರಾಂ, ಶಕ್ತಿ ಸುಮಾರು 70 ಕಿಲೋಕ್ಯಾಲರಿ. ಪೊಟ್ಯಾಸಿಯಂ, ಕೆ ಜೀವಸತ್ವ ಒಂದಿಷ್ಟು ಇವೆ. ಸಿ ಜೀವಸತ್ವ ಮಾತ್ರ ಸೀಬೆಹಣ್ಣಿನ ಮುಂದೆ ಏನೇನೂ ಅಲ್ಲ. ದ್ರಾಕ್ಷಿಯ ವೈಶಿಷ್ಟ್ಯವಿರುವುದು ಸಿಪ್ಪೆಯಲ್ಲಿರುವ ಪಾಲಿಫಿನಾಲ್‌ಗಳಲ್ಲಿ, ಅಂದರೆ ಬಣ್ಣಕ್ಕೂ ಒಗರಿಗೂ ಕಾರಣವಾದ ಸಸ್ಯಜನ್ಯ ರಾಸಾಯನಿಕಗಳಲ್ಲಿ. ಅವುಗಳಲ್ಲಿ ರೆಸ್ವೆರಾಟ್ರಾಲ್ ಎಂಬುದರ ಹೆಸರು ಹೆಚ್ಚು ಪ್ರಚಾರದಲ್ಲಿದೆ. ಪ್ರಯೋಗಗಳಲ್ಲಿ ಅದನ್ನು ನೂರಾರು ಮಿಲಿಗ್ರಾಂ ಲೆಕ್ಕದಲ್ಲಿ ಗುಳಿಗೆಯಾಗಿ ಕೊಟ್ಟಿರುತ್ತಾರೆ. ಒಂದು ಬಟ್ಟಲು ದ್ರಾಕ್ಷಿಯಲ್ಲಿರುವುದು ಒಂದು ಮಿಲಿಗ್ರಾಂ ಆಸುಪಾಸು. ದ್ರಾಕ್ಷಿ ತಿಂದರೆ ಆಯುಷ್ಯ ಹೆಚ್ಚುತ್ತದೆ, ಕ್ಯಾನ್ಸರ್ ಬರುವುದಿಲ್ಲ ಎಂಬ ಮಾತುಗಳನ್ನು ಈ ಲೆಕ್ಕದ ಮುಂದಿಟ್ಟು ನೋಡಿ.

ಗಟ್ಟಿ ಆಧಾರವಿರುವ ವಿಚಾರವೊಂದಿದೆ. ಅಮೆರಿಕದ ಆರೋಗ್ಯ ಸಿಬ್ಬಂದಿಯ ಮೂರು ದೊಡ್ಡ ಗುಂಪುಗಳನ್ನು ದೀರ್ಘಕಾಲ ಗಮನಿಸಿದ ಅಧ್ಯಯನವೊಂದು 2013ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ದ್ರಾಕ್ಷಿ, ಸೇಬು, ಬ್ಲೂಬೆರಿಗಳನ್ನು ಇಡಿ ಹಣ್ಣಾಗಿ ಹೆಚ್ಚು ತಿನ್ನುವವರಲ್ಲಿ ಎರಡನೇ ಬಗೆಯ ಮಧುಮೇಹದ ಸಂಭವ ಕಡಿಮೆಯಿತ್ತು, ಹಣ್ಣಿನ ರಸ ಹೆಚ್ಚು ಕುಡಿಯುವವರಲ್ಲಿ ತುಸು ಹೆಚ್ಚಿತ್ತು. ಇದು ಗಮನಿಸಿ ಕಂಡುಕೊಂಡ ಸಂಬಂಧವೇ ಹೊರತು ಹಣ್ಣಿನಿಂದಲೇ ಹಾಗಾಯಿತೆಂಬ ಸಾಬೀತಲ್ಲ. ಆದರೂ ಅಡುಗೆಮನೆಗೆ ಅದರ ಸೂಚನೆ ಸ್ಪಷ್ಟ: ಹಣ್ಣು ನಿತ್ಯಕ್ಕೆ, ಗೊಜ್ಜು ಆಗಾಗ, ರಸ ಅಪರೂಪಕ್ಕೆ, ಜಾಮ್ ಎಂಬುದು ದ್ರಾಕ್ಷಿಯ ವಾಸನೆಯಿರುವ ಸಕ್ಕರೆ.

ಸಕ್ಕರೆ ಕಾಯಿಲೆ ಇರುವವರು ದ್ರಾಕ್ಷಿಯನ್ನು ಪೂರ್ತಿ ಬಿಡಬೇಕಿಲ್ಲ. ಹತ್ತು ಹನ್ನೆರಡು ಹಣ್ಣು, ಊಟವಾದ ಕೂಡಲೇ ಅಲ್ಲದೆ ನಡುವೆ, ಒಂದು ಹಿಡಿ ಕಡಲೆಬೀಜದ ಜೊತೆ ತಿಂದು, ಎರಡು ಗಂಟೆಯ ನಂತರ ಗ್ಲುಕೋಮೀಟರ್‌ನಲ್ಲಿ ನೋಡಿದರೆ ನಿಮ್ಮ ಮೈಗೆ ಎಷ್ಟು ಒಗ್ಗುತ್ತದೆಂಬುದು ತಿಳಿಯುತ್ತದೆ. ಒಣದ್ರಾಕ್ಷಿಯ ಲೆಕ್ಕ ಬೇರೆ: ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸಕ್ಕರೆಯೇ ಇರುತ್ತದೆ.

ನೆನೆಸಿದ ಒಣದ್ರಾಕ್ಷಿಯಿಂದ ರಕ್ತ ವೃದ್ಧಿಯಾಗುತ್ತದೆಂಬ ನಂಬಿಕೆಗೂ ಅಂಕಿಯೇ ಉತ್ತರ. ಹತ್ತು ಒಣದ್ರಾಕ್ಷಿ ಐದಾರು ಗ್ರಾಂ ತೂಗುತ್ತದೆ. ಅದರಲ್ಲಿ ಅರ್ಧ ಮಿಲಿಗ್ರಾಂ ಕಬ್ಬಿಣವೂ ಇರುವುದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ವಯಸ್ಕ ಮಹಿಳೆಗೆ ಶಿಫಾರಸು ಮಾಡಿದ್ದು ದಿನಕ್ಕೆ 29 ಮಿಲಿಗ್ರಾಂ. ನೆನೆಸುವುದರಿಂದ ಹಣ್ಣು ಮೆತ್ತಗಾಗುತ್ತದೆ, ಮಲಬದ್ಧತೆ ಇರುವವರಿಗೆ ಅನುಕೂಲವೂ ಆಗಬಹುದು. ರಕ್ತಹೀನತೆಗೆ ವೈದ್ಯರು ಕೊಟ್ಟ ಮಾತ್ರೆಯನ್ನು ಬಿಟ್ಟು ಇದನ್ನು ನೆಚ್ಚಿಕೊಳ್ಳಬೇಡಿ.

ಇನ್ನು ಎಚ್ಚರಿಕೆ ವಹಿಸಬೇಕಾದವರು. ಮೂತ್ರಪಿಂಡದ ತೊಂದರೆಯಿಂದ ಪೊಟ್ಯಾಸಿಯಂ ನಿಯಂತ್ರಣದಲ್ಲಿರುವವರು, ಅದರಲ್ಲೂ ಒಣದ್ರಾಕ್ಷಿಯ ವಿಷಯದಲ್ಲಿ, ವೈದ್ಯರನ್ನು ಕೇಳಿಯೇ ತಿನ್ನಬೇಕು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರು ಕೆ ಜೀವಸತ್ವದ ಕಾರಣ ಪ್ರಮಾಣವನ್ನು ದಿನದಿಂದ ದಿನಕ್ಕೆ ಏರುಪೇರು ಮಾಡಬಾರದು. ಕೊಲೆಸ್ಟರಾಲ್ ಮಾತ್ರೆಗಳ ಜೊತೆ ತಿನ್ನಬಾರದೆಂದು ಹೇಳುವುದು ಗ್ರೇಪ್‌ಫ್ರೂಟ್ ಎಂಬ, ಚಕ್ಕೋತದ ಬಳಗದ ಹಣ್ಣನ್ನು. ಆ ನಿಷೇಧ ದ್ರಾಕ್ಷಿಗೆ ಅನ್ವಯಿಸುವುದಿಲ್ಲ.

ಐದು ವರ್ಷದೊಳಗಿನ ಮಕ್ಕಳಿಗೆ ಇಡಿ ದ್ರಾಕ್ಷಿ ಕೊಡಲೇಬೇಡಿ. ನುಣುಪಾಗಿ, ಮೆತ್ತಗೆ, ಮಗುವಿನ ಶ್ವಾಸನಾಳದ ಅಳತೆಗೇ ಇರುವುದರಿಂದ ಗಂಟಲಲ್ಲಿ ಸಿಕ್ಕಿಕೊಂಡರೆ ಗಾಳಿಯನ್ನು ಪೂರ್ತಿ ಮುಚ್ಚಿಬಿಡುತ್ತದೆ. ಅಡ್ಡಕ್ಕೆ ಕತ್ತರಿಸಿದರೆ ಸಾಲದು. ಉದ್ದಕ್ಕೆ ನಾಲ್ಕು ಸೀಳು ಮಾಡಿ, ಮಗುವನ್ನು ಕೂರಿಸಿ ತಿನ್ನಿಸಿ.

ಮನೆಯಲ್ಲಿ ನಾಯಿ ಸಾಕಿದ್ದರೆ ಹಸಿಯಾಗಲಿ ಒಣದಾಗಲಿ ದ್ರಾಕ್ಷಿ ಅದರ ಬಾಯಿಗೆ ಸಿಗದಂತಿರಲಿ, ಒಣದ್ರಾಕ್ಷಿ ಹಾಕಿದ ಕೇಸರಿಬಾತ್, ಪಾಯಸಗಳೂ ಸೇರಿದಂತೆ. ನಾಯಿಗಳಲ್ಲಿ ಇದು ಮೂತ್ರಪಿಂಡವನ್ನು ಹಠಾತ್ತನೆ ಕೆಡಿಸಬಲ್ಲದು, ಎಷ್ಟು ತಿಂದರೆ ಅಪಾಯವೆಂಬುದು ನಾಯಿಯಿಂದ ನಾಯಿಗೆ ಬೇರೆಯಾಗುತ್ತದೆ. ತಿಂದದ್ದು ಗೊತ್ತಾದರೆ ಲಕ್ಷಣ ಕಾಣುವವರೆಗೆ ಕಾಯದೆ ಪಶುವೈದ್ಯರಲ್ಲಿಗೆ ಕರೆದೊಯ್ಯಿರಿ.